ಆನ್‌ಫೀಲ್ಡ್‌ನ ಹಳದಿ ಜೆರ್ಸಿ ಮತ್ತೆ ಕೈಗೆ ಬಂದಾಗ

ಫುಟ್‌ಬಾಲ್ ಕ್ಲಬ್ಬುಗಳ ಹಳೆಯ ಜೆರ್ಸಿಗಳನ್ನು ಅದೇ ಮಾದರಿಯಲ್ಲಿ ಮತ್ತೆ ಹೊಲಿಸಿ ಮಾರುವ ವ್ಯಾಪಾರ ಇಂಗ್ಲೆಂಡಿನಲ್ಲಿ ಈಗ ಚೆನ್ನಾಗಿ ಬೇರೂರಿದೆ. ಲಂಡನ್ನಿನ ಆರ್ಸೆನಲ್ ತಂಡ 1989ರ ಮೇ 26ರ ರಾತ್ರಿ ಲಿವರ್‌ಪೂಲ್‌ನ ಆನ್‌ಫೀಲ್ಡ್ ಮೈದಾನದಲ್ಲಿ ತೊಟ್ಟು ಆಡಿ ಲೀಗ್ ಪ್ರಶಸ್ತಿ ಗೆದ್ದ ಹಳದಿ ಜೆರ್ಸಿಯ ಅಂಥದೊಂದು ಹೊಸ ತಯಾರಿಯನ್ನು ನಾನು ಈಚೆಗೆ 40 ಪೌಂಡ್ ಕೊಟ್ಟು ತರಿಸಿಕೊಂಡೆ. ಎರಡು ತಿಂಗಳು ತೊಟ್ಟು, ಏಳೆಂಟು ಸಲ ಒಗೆದು, ಎಲ್ಲಕ್ಕಿಂತ ಮುಖ್ಯವಾಗಿ ಆ ಕಾಲದ ಜೆರ್ಸಿಯೊಂದರ ಪಕ್ಕದಲ್ಲಿ ಹರಡಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಆ ಕಾಲದ ಜೆರ್ಸಿ ಇರುವುದು ನನ್ನ ದೊಡ್ಡಪ್ಪನ ಬಳಿ. ಅವರು 1968ರಲ್ಲಿ ಮೈಸೂರಿನಿಂದ ವೈದ್ಯರಾಗಿ ಲಂಡನ್ನಿಗೆ ಬಂದು, ಆರ್ಸೆನಲ್‌ನ ಆಗಿನ ಮೈದಾನವಾದ ಹೈಬರಿಗೆ ಹತ್ತು ನಿಮಿಷದ ನಡಿಗೆಯಲ್ಲಿ ಬಾಡಿಗೆ ಮನೆ ಹಿಡಿದು, ಮೊದಲ ಚಳಿಗಾಲದಲ್ಲೇ ಆರ್ಸೆನಲ್ ಅಭಿಮಾನಿಯಾದವರು. ಅವರ ಜೊತೆಗಾರರು ಅದೇ ಬೀದಿಯಲ್ಲಿ ಹುಟ್ಟಿ ಬೆಳೆದು, ಅಂಚೆ ಬಟವಾಡೆಯ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರು. ಎಂಟನೆಯ ವಯಸ್ಸಿನಲ್ಲಿ ತಂದೆಯ ಕೈ ಹಿಡಿದು ಆಟ ನೋಡಲು ಹೋದವರು ಇಂದಿಗೂ ತಪ್ಪದೆ ಹೋಗುತ್ತಾರೆ. ನಾನು ಈ ಊರಿಗೆ ಬಂದದ್ದು 2004ರಲ್ಲಿ. ಆದ್ದರಿಂದ ಈ ಜೆರ್ಸಿಯ ವಿಷಯದಲ್ಲಿ ನನ್ನ ಕಣ್ಣಿಗಿಂತ ಅವರಿಬ್ಬರ ಕಣ್ಣಿಗೆ ಹೆಚ್ಚಿನ ಅಧಿಕಾರವಿದೆ ಎಂದು ನಂಬಿ, ಪೊಟ್ಟಣವನ್ನು ಒಡೆಯದೆ ನೇರವಾಗಿ ದೊಡ್ಡಪ್ಪನ ಮನೆಗೆ ತೆಗೆದುಕೊಂಡು ಹೋದೆ.

ದೊಡ್ಡಮ್ಮ ಒಳಗಿನ ಟ್ರಂಕಿನಿಂದ ಹಳೆಯ ಜೆರ್ಸಿಯನ್ನು ತಂದರು. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ನುಸಿಗುಳಿಗೆ ಇಟ್ಟು ಕಾಪಾಡಿದ ಆ ಬಟ್ಟೆಯನ್ನು ಅವರು ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿದಾಗ ಗುಳಿಗೆಯ ವಾಸನೆ ಮೊದಲು ಬಂದು, ಆಮೇಲೆ ಬಣ್ಣ ಕಣ್ಣಿಗೆ ಬಿತ್ತು. ಎದೆಯ ಮೇಲಿನ, ಪ್ರಾಯೋಜಕ ಕಂಪನಿಯ ಹೆಸರಾದ ಜೆವಿಸಿ ಎಂಬ ಮೂರು ಅಕ್ಷರಗಳು ಬೆರಳಿಗೆ ತುಸು ಉಬ್ಬಿ ಸಿಗುತ್ತವೆ; ಬೇಸಿಗೆಯ ಕೆರೆಯಂಗಳದಂತೆ ಸಣ್ಣಗೆ ಬಿರುಕು ಬಿಟ್ಟಿವೆ. ಬಲತೋಳಿನ ಅಂಚಿನಲ್ಲಿ ಒಂದು ಕಡೆ ಹೊಲಿಗೆ ಬಿಟ್ಟದ್ದನ್ನು ದೊಡ್ಡಮ್ಮ ರವಿಕೆಗೆ ತಂದಿದ್ದ ಹಳದಿ ದಾರದಿಂದ ಹೊಲಿದಿದ್ದಾರೆ, ಆ ದಾರದ ಹಳದಿ ಬಟ್ಟೆಯ ಹಳದಿಗಿಂತ ಒಂದು ಪಾಲು ಗಾಢವಾಗಿದೆ. ಹೊಸ ಜೆರ್ಸಿಯನ್ನು ಅದರ ಪಕ್ಕದಲ್ಲಿ ಹರಡಿದೆ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಎರಡನ್ನೂ ಕಿಟಕಿಯ ಬೆಳಕಿಗೆ ಎಳೆದು ನೋಡಿ, "ಬಣ್ಣ ಸರಿಯಾಗಿ ಹಿಡಿದಿದ್ದಾರೆ ಕಣೋ, ಇದು ಅದೇ ಹಳದಿ," ಎಂದರು.

ಈ ಮಾತಿನ ತೂಕ ತಿಳಿಯಬೇಕಾದರೆ ಆರ್ಸೆನಲ್ ಮತ್ತು ಹಳದಿಯ ನಂಟನ್ನು ಸ್ವಲ್ಪ ಹೇಳಬೇಕಾಗುತ್ತದೆ. ಕ್ಲಬ್ಬಿನ ಮನೆಯ ಬಣ್ಣ ಕೆಂಪು. 1886ರಲ್ಲಿ ವುಲಿಚ್‌ನ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ತಂಡ ಕಟ್ಟಿದಾಗ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬು ಕಳಿಸಿಕೊಟ್ಟ ಕಡುಗೆಂಪು ಅಂಗಿಗಳಿಂದ ಆ ಬಣ್ಣ ಬಂತು. ಜೆರ್ಸಿಯ ಮೇಲಿನ ಫಿರಂಗಿಯ ಲಾಂಛನ ಆ ಕಾರ್ಖಾನೆಯಿಂದ ಬಂತು. ತೋಳುಗಳಿಗೆ ಬಿಳಿಯನ್ನು ತಂದವರು ವ್ಯವಸ್ಥಾಪಕ ಹರ್ಬರ್ಟ್ ಚಾಪ್‌ಮನ್, 1933ರಲ್ಲಿ. ಎದುರಾಳಿಯೂ ಕೆಂಪು ತೊಟ್ಟಿದ್ದಾಗ ಬೇರೆ ಬಣ್ಣ ತೊಡಲೇಬೇಕಾದ ಅನಿವಾರ್ಯತೆಯಿಂದ ಹಳದಿ ಬಂದರೂ, ಅಭಿಮಾನಿಗಳ ಮನಸ್ಸಿನಲ್ಲಿ ಅದು ದೊಡ್ಡ ದಿನಗಳ ಬಣ್ಣವಾಗಿ ನಿಂತುಬಿಟ್ಟಿತು. ಲೀಗ್‌ನಿಂದ ಬೇರೆಯಾದ, ಸೋತವರು ಹೊರಬೀಳುವ ಎಫ್‌ಎ ಕಪ್ ಪಂದ್ಯಾವಳಿಯ 1950ರ ಫೈನಲ್‌ನಲ್ಲಿ ಲಿವರ್‌ಪೂಲ್ ಎದುರು ಚಿನ್ನದ ಬಣ್ಣ ತೊಟ್ಟು 2-0ರಿಂದ ಗೆದ್ದರು, ಎರಡೂ ಗೋಲು ರೆಗ್ ಲೂಯಿಸ್ ಅವರದು. 1971ರ ಮೇ 8ರಂದು ಅದೇ ಕಪ್ಪಿನ ಫೈನಲ್‌ನಲ್ಲಿ ಮತ್ತೆ ಅದೇ ಲಿವರ್‌ಪೂಲ್ ಎದುರು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ, ಹಳದಿ ಅಂಗಿ ಮತ್ತು ನೀಲಿ ಚಡ್ಡಿಯಲ್ಲಿ ಆಡಿ, ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಗೆದ್ದರು. ಐದೇ ದಿನ ಮೊದಲು ಟಾಟನ್‌ಹ್ಯಾಮ್‌ನ ಅಂಗಳದಲ್ಲಿ ರೇ ಕೆನಡಿ ತಲೆಯಿಂದ ಹೊಡೆದ ಗೋಲಿನಿಂದ ಲೀಗ್ ಪ್ರಶಸ್ತಿ ಬಂದಿತ್ತು. ಹೀಗೆ ಒಂದೇ ವರ್ಷ ಎರಡೂ ಕೈಸೇರಿದವು.

ದೊಡ್ಡಪ್ಪ ಅಂದು ವೆಂಬ್ಲಿಯಲ್ಲಿದ್ದರು. ರಾತ್ರಿಪಾಳಿ ಮುಗಿಸಿ, ನಿದ್ದೆ ಮಾಡದೆ, ಆ ಅಂಚೆಯ ಗೆಳೆಯರು ಹೊಂದಿಸಿಕೊಟ್ಟ ಟಿಕೆಟಿನಲ್ಲಿ ಹೋದದ್ದನ್ನು ಅವರು ನೂರು ಸಲ ಹೇಳಿದ್ದಾರೆ, ನಾನು ನೂರು ಸಲವೂ ಕೇಳಿದ್ದೇನೆ. 11ನೆಯ ಸಂಖ್ಯೆಯ ಚಾರ್ಲಿ ಜಾರ್ಜ್ ಗೆಲುವಿನ ಗೋಲು ಹೊಡೆದು, ಕೈಗಳನ್ನು ಚಾಚಿ ಹುಲ್ಲಿನ ಮೇಲೆ ಅಂಗಾತ ಮಲಗಿಬಿಟ್ಟ ಆ ಗಳಿಗೆ ಅವರ ನೆನಪಿನಲ್ಲಿ ಹಸಿರಿನ ಮೇಲೆ ಬಿದ್ದ ಹಳದಿಯಾಗಿಯೇ ಉಳಿದಿದೆ. ಚಾರ್ಲಿ ಜಾರ್ಜ್ ಅಂದು ತೊಟ್ಟಿದ್ದ ಅಂಗಿ ಎಮಿರೇಟ್ಸ್ ಮೈದಾನದ ಆರ್ಸೆನಲ್ ವಸ್ತುಸಂಗ್ರಹಾಲಯದಲ್ಲಿದೆ, ಲಂಡನ್ನಿಗೆ ಬರುವ ಕನ್ನಡಿಗರಲ್ಲಿ ಫುಟ್‌ಬಾಲ್ ಪ್ರೀತಿಯಿರುವವರು ಅದನ್ನು ತಪ್ಪದೆ ನೋಡಬೇಕು.

ಆಮೇಲೆ 1979ರ ಎಫ್‌ಎ ಕಪ್ ಫೈನಲ್. ಮ್ಯಾಂಚೆಸ್ಟರ್ ಯುನೈಟೆಡ್ ಎದುರು 2-0 ಮುಂದಿದ್ದ ಆರ್ಸೆನಲ್ ಕೊನೆಯ ಐದು ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು, ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಅಲನ್ ಸಂಡರ್‌ಲ್ಯಾಂಡ್ ಕಾಲಿನಿಂದ ಮೂರನೆಯದನ್ನು ಪಡೆಯಿತು. ಅಂದೂ ಹಳದಿಯೇ. ನಡುವೆ 1982ರ ಹೊತ್ತಿಗೆ ಕ್ಲಬ್ಬು ಹೊರ ಊರಿನ ಪಂದ್ಯಗಳಿಗೆ ಹಸಿರು ಬಣ್ಣವನ್ನು ತಂದಿತ್ತು. ಅದರ ಸುದ್ದಿ ಎತ್ತಿದರೆ ಅಂಚೆಯ ಹಿರಿಯರು ಇಂದಿಗೂ ತಲೆಯಾಡಿಸಿ ಬೇರೆ ಮಾತಿಗೆ ಹೊರಳುತ್ತಾರೆ.

ಈಗ ಜೆರ್ಸಿಗೆ ಬರುತ್ತೇನೆ. ಹೊಸ ತಯಾರಿಯಲ್ಲಿ ಎಲ್ಲಕ್ಕಿಂತ ಮೆಚ್ಚಬೇಕಾದದ್ದು ದೊಡ್ಡಪ್ಪ ಹೇಳಿದ ಆ ಬಣ್ಣವೇ. ಇಂಥ ಮರುತಯಾರಿಗಳಲ್ಲಿ ಹಳದಿಯನ್ನು ಕೆಡಿಸುವುದು ಬಹಳ ಸುಲಭ. ಸ್ವಲ್ಪ ಕೆಂಪು ಹೆಚ್ಚಾದರೆ ಚೆಂಡುಹೂವಿನಂತಾಗುತ್ತದೆ, ಸ್ವಲ್ಪ ಬಿಳಿ ಹೆಚ್ಚಾದರೆ ಬೆಣ್ಣೆಯಂತೆ ಸಪ್ಪೆಯಾಗುತ್ತದೆ. ಇಲ್ಲಿರುವುದು ಚೆನ್ನಾಗಿ ಮಾಗಿದ ನಿಂಬೆಹಣ್ಣಿನ ಸಿಪ್ಪೆಯ ಹಳದಿ. ಹಗಲಿನಲ್ಲಿ ಸೌಮ್ಯವಾಗಿ ಕಂಡು, ವಿದ್ಯುತ್ ದೀಪದ ಕೆಳಗೆ ಹೊಳೆಯುವಂಥದು. ಹೊಸದನ್ನು ಸಂಜೆ ಅಡುಗೆಮನೆಯ ದೀಪದ ಕೆಳಗೆ ಹಿಡಿದು ನೋಡಿದಾಗ, ಟಿವಿಯ ಹಳೆಯ ಚಿತ್ರಗಳಲ್ಲಿ ಆನ್‌ಫೀಲ್ಡ್‌ನ ಹೊನಲು ಬೆಳಕಿನಲ್ಲಿ ಕಾಣುವ ಬಣ್ಣವೇ ಕಂಡಿತು. ತೋಳಿನ ಮೂರು ನೀಲಿ ಪಟ್ಟೆಗಳು ಹೆಗಲಿನಿಂದ ನೇರವಾಗಿ ಇಳಿದಿವೆ, ಹೊಲಿಗೆಯ ಹತ್ತಿರ ಸೊಟ್ಟಗಾಗಿಲ್ಲ. ಕುತ್ತಿಗೆಯ ನೀಲಿ ಪಟ್ಟಿಯನ್ನು ಒಳಗಿನಿಂದ ಎರಡು ಸಾಲು ಹೊಲಿದಿರುವುದರಿಂದ ಏಳೆಂಟು ಒಗೆತದ ಮೇಲೂ ಅದು ಜೋತುಬಿದ್ದಿಲ್ಲ. ಫಿರಂಗಿಯ ಲಾಂಛನವನ್ನು ಅಚ್ಚೊತ್ತದೆ ಕಸೂತಿ ಮಾಡಿದ್ದಾರೆ, ಒಳಬದಿಯಲ್ಲಿ ಚರ್ಮಕ್ಕೆ ಚುಚ್ಚದಂತೆ ತೆಳುವಾದ ಬಟ್ಟೆಯ ತುಂಡನ್ನೂ ಹೊಲಿದಿದ್ದಾರೆ.

ಬಟ್ಟೆಯ ತೂಕ ಮಾತ್ರ ಬೇರೆ. ಹಳೆಯ ಪಾಲಿಯೆಸ್ಟರ್ ದಪ್ಪ. ಬೆವರಿದರೆ ಮೈಗೆ ಅಂಟಿಕೊಳ್ಳುವಂಥದು. ಹೊಸದು ಹಗುರವಾಗಿದೆ. ತೊಡಲು ಇದೇ ಹಿತ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಎರಡನ್ನೂ ಎರಡು ಕೈಯಲ್ಲಿ ಹಿಡಿದ ಅಂಚೆಯ ಹಿರಿಯರು ಹಳೆಯದನ್ನು ಹಿಡಿದ ಕೈಯನ್ನೇ ಎರಡು ಸಲ ಮೇಲೆ ಕೆಳಗೆ ಮಾಡಿ ನೋಡಿದರು. ಅವರಿಗೆ ಆ ಭಾರ ಬೇಕಾಗಿತ್ತು ಎಂದು ನನಗೆ ಅನ್ನಿಸಿತು. ಜೆವಿಸಿ ಅಕ್ಷರಗಳನ್ನು ಹೊಸದರಲ್ಲಿ ಚಪ್ಪಟೆಯಾಗಿ ಅಚ್ಚೊತ್ತಿದ್ದಾರೆ, ಅಳತೆಯಲ್ಲೂ ಅವು ಅರ್ಧ ಬೆರಳಿನಷ್ಟು ಕಿರಿದು. ದೂರದಿಂದ ನೋಡುವವರಿಗೆ ಇದು ತಿಳಿಯುವುದಿಲ್ಲ. 1981ರಿಂದ 1999ರವರೆಗೆ ಹದಿನೆಂಟು ವರ್ಷ ಆ ಮೂರು ಅಕ್ಷರಗಳನ್ನು ಎದೆಯ ಮೇಲೆ ಕಂಡವರಿಗೆ ಒಂದೇ ನೋಟದಲ್ಲಿ ತಿಳಿಯುತ್ತದೆ.

ನಿಜವಾದ ತಪ್ಪು ಇರುವುದು ಬೆನ್ನಿನ ಮೇಲೆ. ಹೆಚ್ಚಿನ ಹಣ ಕೊಟ್ಟರೆ, ಆ ರಾತ್ರಿ ಕೊನೆಯ ಗೋಲು ಹೊಡೆದ ಮೈಕೆಲ್ ಥಾಮಸ್ ಅವರ ಹೆಸರನ್ನೂ 4 ಎಂಬ ಸಂಖ್ಯೆಯನ್ನೂ ಅಚ್ಚೊತ್ತಿ ಕೊಡುತ್ತೇವೆ ಎಂದು ಮಾರುವವರು ಹೇಳಿದ್ದರು, ನಾನು ಯೋಚಿಸದೆ ಒಪ್ಪಿಕೊಂಡಿದ್ದೆ. ಜೆರ್ಸಿಯನ್ನು ಮಗುಚಿ ಹಾಕಿದ ತಕ್ಷಣ ಇಬ್ಬರು ಹಿರಿಯರೂ ಒಟ್ಟಿಗೆ ಹೇಳಿದ್ದು ಒಂದೇ ಮಾತು: ಹೆಸರು ಇರಲಿಲ್ಲ. ಅದು ಸರಿಯೇ. ಇಂಗ್ಲೆಂಡಿನಲ್ಲಿ ಆಟಗಾರರ ಬೆನ್ನಿನ ಮೇಲೆ ಹೆಸರು ಮೊದಲು ಕಂಡದ್ದು 1993ರ ಏಪ್ರಿಲ್ 18ರ ಲೀಗ್ ಕಪ್ ಫೈನಲ್‌ನಲ್ಲಿ. ಅಂದು ಆಡಿದ ಎರಡು ತಂಡಗಳಲ್ಲಿ ಒಂದು ಆರ್ಸೆನಲ್ಲೇ, ಇನ್ನೊಂದು ಶೆಫೀಲ್ಡ್ ವೆನ್ಸ್‌ಡೇ. 1989ರಲ್ಲಿ ಮೈದಾನಕ್ಕೆ ಇಳಿದ ಹನ್ನೊಂದು ಜನರಿಗೆ 1ರಿಂದ 11ರವರೆಗಿನ ಸಂಖ್ಯೆ ಮಾತ್ರ ಇರುತ್ತಿತ್ತು. ಆ ರಾತ್ರಿ ಗೋಲ್‌ಕೀಪರ್ ಜಾನ್ ಲೂಕಿಕ್ 1, ಲೀ ಡಿಕ್ಸನ್ 2, ನೈಜೆಲ್ ವಿಂಟರ್‌ಬರ್ನ್ 3, ಥಾಮಸ್ 4, ಡೇವಿಡ್ ಓಲಿಯರಿ 5, ನಾಯಕ ಟೋನಿ ಆಡಮ್ಸ್ 6, ಡೇವಿಡ್ ರೊಕ್ಯಾಸಲ್ 7, ಕೆವಿನ್ ರಿಚರ್ಡ್‌ಸನ್ 8, ಅಲನ್ ಸ್ಮಿತ್ 9, ಗೋಲಿನ ಮುಂದೆ ನಡುವೆ ಕಾಯುವ ಸೆಂಟರ್‌ಬ್ಯಾಕ್‌ಗಳಲ್ಲಿ ಮೂರನೆಯವರಾಗಿ ಆಡಿದ ಸ್ಟೀವ್ ಬೋಲ್ಡ್ 10, ಪಾಲ್ ಮರ್ಸನ್ 11. ಈ ಪಟ್ಟಿಯನ್ನು ದೊಡ್ಡಪ್ಪ ಮೇಜಿನ ಮೇಲೆ ಬೆರಳಿಂದ ಬಡಿಯುತ್ತ, ವಿಷ್ಣು ಸಹಸ್ರನಾಮ ಹೇಳುವ ಲಯದಲ್ಲಿ, ಒಂದು ಕಡೆಯೂ ತಡವರಿಸದೆ ಒಪ್ಪಿಸಿದರು.

ಅಲ್ಲಿಂದ ಮಾತು ತಾನಾಗಿಯೇ ಆ ರಾತ್ರಿಗೆ ಹೋಯಿತು. ಲಿವರ್‌ಪೂಲ್ ಮೂರು ಅಂಕ ಮುಂದಿತ್ತು. ಲೀಗ್ ಗೆಲ್ಲಬೇಕಾದರೆ ಆರ್ಸೆನಲ್ ಕೊನೆಯ ಪಂದ್ಯವನ್ನು ಕನಿಷ್ಠ ಎರಡು ಗೋಲುಗಳ ಅಂತರದಲ್ಲಿ ಗೆಲ್ಲಬೇಕಿತ್ತು. ಅದಕ್ಕೆ ಮೊದಲು ಹೈಬರಿಯಲ್ಲಿ ಡರ್ಬಿ ಎದುರು ಸೋತು, ವಿಂಬಲ್ಡನ್ ಎದುರು 2-2 ಸಮ ಮಾಡಿಕೊಂಡು ಕೈಯಲ್ಲಿದ್ದುದನ್ನು ಚೆಲ್ಲಿಕೊಂಡಾಗಿತ್ತು. ಅಂಚೆಯ ಹಿರಿಯರು ಟಿಕೆಟನ್ನು ಮಾರಿಬಿಡೋಣ ಎಂದಿದ್ದರಂತೆ. ದೊಡ್ಡಪ್ಪ ಬೆಳಿಗ್ಗೆಯ ರೋಗಿಗಳನ್ನು ನೋಡಿ ಮುಗಿಸಿ, ಈ ಜೆರ್ಸಿಯನ್ನು ಶರ್ಟಿನ ಒಳಗೆ ತೊಟ್ಟು, ಅಭಿಮಾನಿಗಳ ಬಸ್ಸು ಹತ್ತಿದರಂತೆ. ದಾರಿಯಲ್ಲಿ ವಾಹನಗಳ ಸಾಲು ನಿಂತುಹೋಗಿ, ಆಟ ಶುರುವಾಗುವ ಹೊತ್ತಿಗೆ ತಲುಪುತ್ತೇವೋ ಇಲ್ಲವೋ ಎಂಬ ಆತಂಕದಲ್ಲಿ ದೊಡ್ಡಮ್ಮ ಕಟ್ಟಿಕೊಟ್ಟ ಚಪಾತಿ ಪಲ್ಯವನ್ನು ಯಾರೂ ಮುಟ್ಟಲಿಲ್ಲವಂತೆ.

ಗೆಲುವಿನ ಕಥೆಗಿಂತ ಮೊದಲು ಅವರಿಬ್ಬರೂ ಹೇಳಿದ್ದು ಹೂವಿನ ವಿಷಯ. ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಏಪ್ರಿಲ್ 15ರಂದು ಲಿವರ್‌ಪೂಲ್‌ನ ಅಭಿಮಾನಿಗಳು ನೂಕುನುಗ್ಗಲಿಗೆ ಸಿಕ್ಕಿದ ದುರಂತ ನಡೆದು ಆರು ವಾರವೂ ಆಗಿರಲಿಲ್ಲ. ಅದರಿಂದಾದ ಸಾವುಗಳ ಸಂಖ್ಯೆ ಇಂದು 97. ಈ ಪಂದ್ಯ ಮೇ ತಿಂಗಳ ಕೊನೆಗೆ ಬಂದದ್ದೂ ಆ ಕಾರಣದಿಂದಲೇ. ಆರ್ಸೆನಲ್ ಆಟಗಾರರು ಅಂದು ಹಳದಿ ಜೆರ್ಸಿಯಲ್ಲಿ ಹೂಗುಚ್ಛಗಳನ್ನು ಹಿಡಿದು ಮೈದಾನಕ್ಕೆ ಬಂದು, ನಾಲ್ಕೂ ದಿಕ್ಕಿಗೆ ಓಡಿ, ಲಿವರ್‌ಪೂಲ್‌ನ ಜನರ ಕೈಗೆ ಕೊಟ್ಟರು. ತಮ್ಮ ಎದುರಿಗಿದ್ದ ಗ್ಯಾಲರಿಯಲ್ಲಿ ಒಬ್ಬ ಹೆಂಗಸು ಆ ಹೂವನ್ನು ಆಟ ಮುಗಿಯುವವರೆಗೂ ಎದೆಗೆ ಒತ್ತಿ ಹಿಡಿದಿದ್ದುದನ್ನು ದೊಡ್ಡಪ್ಪ ಇಂದಿಗೂ ನೆನೆಯುತ್ತಾರೆ. ಈ ಜೆರ್ಸಿಯನ್ನು ಕೊಳ್ಳುವ ಕಿರಿಯರಿಗೆ ಥಾಮಸ್‌ನ ಗೋಲು ಗೊತ್ತಿರುತ್ತದೆ, ಈ ಹೂವು ಗೊತ್ತಿರುವುದಿಲ್ಲ. ಪೊಟ್ಟಣದೊಳಗೆ ಇಟ್ಟಿದ್ದ ಪರಿಚಯದ ಚೀಟಿಯಲ್ಲಿ ಅಂಕಗಳ ಲೆಕ್ಕವಿತ್ತು, ಹಿಲ್ಸ್‌ಬರೋದ ಒಂದು ಸಾಲೂ ಇರಲಿಲ್ಲ. ಆ ಸಾಲು ಇರಲೇಬೇಕಿತ್ತು ಎಂದು ನಾನು ಮಾರುವವರಿಗೆ ಬರೆದು ತಿಳಿಸಿದ್ದೇನೆ.

ಆಟದ ವಿವರ ಎಲ್ಲರೂ ಬಲ್ಲದ್ದು, ಆದರೂ ಅವರ ಬಾಯಲ್ಲಿ ಕೇಳುವುದು ಬೇರೆ. 52ನೆಯ ನಿಮಿಷದಲ್ಲಿ ವಿಂಟರ್‌ಬರ್ನ್ ಒದ್ದ ಇನ್‌ಡೈರೆಕ್ಟ್ ಫ್ರೀ ಕಿಕ್‌ಗೆ (ಇನ್ನೊಬ್ಬ ಆಟಗಾರನಿಗೆ ತಗಲದೆ ಹೋದರೆ ಇದರಲ್ಲಿ ಗೋಲು ಲೆಕ್ಕಕ್ಕಿಲ್ಲ) ಅಲನ್ ಸ್ಮಿತ್ ತಲೆಯಿಂದ ಸವರಿ ಗೋಲು ಮಾಡಿದಾಗ, ಚೆಂಡು ಯಾರಿಗೂ ತಗಲಿಲ್ಲವೆಂದು ಲಿವರ್‌ಪೂಲ್ ಆಟಗಾರರು ರೆಫರಿಯನ್ನು ಸುತ್ತುವರಿದರು. ರೆಫರಿ ಲೈನ್ಸ್‌ಮನ್‌ನ ಹತ್ತಿರ ಹೋಗಿ ಮಾತಾಡುತ್ತಿದ್ದ ಆ ಅರ್ಧ ನಿಮಿಷದಲ್ಲಿ ಅಂಚೆಯ ಹಿರಿಯರು ದೊಡ್ಡಪ್ಪನ ತೋಳನ್ನು ಹಿಡಿದು ಎಳೆದದ್ದಕ್ಕೆ ಬಲತೋಳಿನ ಹೊಲಿಗೆ ಬಿಟ್ಟಿತು. ದೊಡ್ಡಮ್ಮ ಹೊಲಿದ ಜಾಗ ಅದೇ. ಆಮೇಲೆ ಹೆಚ್ಚುವರಿ ನಿಮಿಷಗಳಲ್ಲಿ ಲೂಕಿಕ್ ಕೈಯಿಂದ ಎಸೆದ ಚೆಂಡು ಡಿಕ್ಸನ್‌ಗೆ, ಡಿಕ್ಸನ್ ಉದ್ದಕ್ಕೆ ಒದ್ದದ್ದು ಸ್ಮಿತ್‌ಗೆ, ಸ್ಮಿತ್ ತಿರುಗಿ ಕೊಟ್ಟದ್ದು ಥಾಮಸ್‌ಗೆ. ಎದುರು ಬಂದ ಸ್ಟೀವ್ ನಿಕಲ್‌ಗೆ ತಗಲಿ ಮತ್ತೆ ಥಾಮಸ್‌ನ ಮುಂದಕ್ಕೇ ಬಿದ್ದ ಚೆಂಡನ್ನು ಅವರು, ಗೋಲ್‌ಕೀಪರ್ ಬ್ರೂಸ್ ಗ್ರೊಬ್ಬೆಲಾರ್ ಕೆಳಗೆ ಬೀಳುವವರೆಗೂ ಕಾದು, ಮೇಲೆ ಹಾರಿಸಿ ಬಲೆಗೆ ಕಳಿಸಿದರು. ಎರಡು ತಂಡಕ್ಕೂ 76 ಅಂಕ, ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ಅಂತರವೂ ಎರಡಕ್ಕೂ 37. ಆದ್ದರಿಂದ ತೀರ್ಮಾನ ಹೊಡೆದ ಗೋಲುಗಳ ಮೇಲೆ ನಿಂತಿತು: ಆರ್ಸೆನಲ್‌ದು 73, ಲಿವರ್‌ಪೂಲ್‌ದು 65. ಹದಿನೆಂಟು ವರ್ಷಗಳ ಮೇಲೆ ಲೀಗ್ ಮತ್ತೆ ಹೈಬರಿಗೆ ಬಂತು. 1971ರಲ್ಲಿ ವೆಂಬ್ಲಿಯಲ್ಲಿ ಹಳದಿ ತೊಟ್ಟು ಆಡಿದ್ದ ಜಾರ್ಜ್ ಗ್ರಹಾಂ 1989ರಲ್ಲಿ ಈ ತಂಡದ ವ್ಯವಸ್ಥಾಪಕರಾಗಿದ್ದರು. ಸೋತ ಊರಿನ ಜನ ಮನೆಗೆ ಹೋಗದೆ ನಿಂತು ಚಪ್ಪಾಳೆ ತಟ್ಟಿದರು ಎನ್ನುವಾಗ ದೊಡ್ಡಪ್ಪನ ಧ್ವನಿ ಪ್ರತಿ ಸಲವೂ ಸಣ್ಣಗಾಗುತ್ತದೆ.

ಹೊಸ ಜೆರ್ಸಿಯ ಉಳಿದ ವಿಷಯಗಳನ್ನು ಬೇಗ ಹೇಳಿ ಮುಗಿಸಬಹುದು. ಅಳತೆ ಈಗಿನ ರೂಢಿಗಿಂತ ಬಿಗಿ. ನಾನು ಮಾಮೂಲಾಗಿ ತೊಡುವುದಕ್ಕಿಂತ ಒಂದು ಅಳತೆ ದೊಡ್ಡದನ್ನು ತರಿಸಬೇಕಿತ್ತು. ತಣ್ಣೀರಿನಲ್ಲಿ ಒಳಮಗ್ಗುಲು ಹೊರಗೆ ಮಾಡಿ ಒಗೆದರೆ ಅಚ್ಚು ಏಳುವುದಿಲ್ಲ. ಇಸ್ತ್ರಿ ಬೇಡ. ಭಾರತಕ್ಕೆ ತರಿಸಿಕೊಳ್ಳುವವರು ಸಾಗಣೆಯ ಖರ್ಚು ಮತ್ತು ಸುಂಕ ಸೇರಿಸಿ ಲೆಕ್ಕ ಹಾಕಿಕೊಳ್ಳಬೇಕು, ಆ ಮೊತ್ತಕ್ಕೆ ಇದು ದುಬಾರಿ ಎಂದೇ ನನ್ನ ಅಭಿಪ್ರಾಯ. ಇಲ್ಲಿಂದ ಊರಿಗೆ ಬರುವವರ ಕೈಯಲ್ಲಿ ತರಿಸುವುದು ಮೇಲು.

ಹಳೆಯ ಜೆರ್ಸಿಯನ್ನೇ ಹುಡುಕಿ ಕೊಳ್ಳುವುದು ಉತ್ತಮವಲ್ಲವೇ ಎಂದು ಕೇಳುವವರಿದ್ದಾರೆ. ಆ ಕಾಲದ ಮೂಲ ಪ್ರತಿಗಳ ಬೆಲೆ ಇದರ ಹಲವು ಪಟ್ಟು, ಅದೂ ಅಸಲಿಯೋ ನಕಲಿಯೋ ತಿಳಿಯುವುದು ಕಷ್ಟ. 1991ರಿಂದ 1993ರವರೆಗಿನ, ಹಳದಿಯ ಮೇಲೆ ಕಡುನೀಲಿ ಬಾಣದ ಗೆರೆಗಳಿದ್ದು "ಜಜ್ಜಿದ ಬಾಳೆಹಣ್ಣು" ಎಂದು ಅಭಿಮಾನಿಗಳು ಕರೆಯುವ ಜೆರ್ಸಿಯನ್ನು ಮೂಲದ್ದೆಂದು ನಂಬಿ, ಅಂತರ್ಜಾಲದಲ್ಲಿ ಅಪರಿಚಿತ ಮಾರಾಟಗಾರರೊಬ್ಬರಿಂದ ಕೊಂಡು, ಬಂದ ಮೇಲೆ ಕುತ್ತಿಗೆಯ ಒಳಗಿನ ಚೀಟಿ ಹೊಸದಾಗಿ ಹೊಲಿದದ್ದೆಂದು ಕಂಡುಕೊಂಡ ಅನುಭವ ನನ್ನದು. ಮರುತಯಾರಿಯೆಂದು ಹೇಳಿಯೇ ಮಾರುವ ವಸ್ತುವನ್ನು ನಾನು ಅದಕ್ಕಿಂತ ಹೆಚ್ಚು ಗೌರವಿಸುತ್ತೇನೆ.

ನನ್ನದೇ ನೆನಪಿನ ಜೆರ್ಸಿಗಳು ಬೇರೆ. 2002ರ ಮೇ 8ರಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರ್ಯಾಫರ್ಡ್ ಮೈದಾನದಲ್ಲಿ ಸಿಲ್ವೆನ್ ವಿಲ್ಟೋರ್ ಹೊಡೆದ ಗೋಲಿನಿಂದ ಲೀಗ್ ಗೆದ್ದಾಗ ತಂಡ ತೊಟ್ಟಿದ್ದು ಚಿನ್ನದ ಬಣ್ಣ. ಮೈಸೂರಿನ ನಮ್ಮ ಮನೆಯಲ್ಲಿ ಅದು ಮಧ್ಯರಾತ್ರಿ ದಾಟಿದ ಹೊತ್ತು, ಅಪ್ಪನಿಗೆ ಎಚ್ಚರವಾಗದಂತೆ ಟಿವಿಯ ಧ್ವನಿಯನ್ನು ಪೂರ್ತಿ ತಗ್ಗಿಸಿ, ಬಾಯಿಗೆ ದಿಂಬು ಒತ್ತಿಕೊಂಡು ಕೂತು ನೋಡಿದ್ದೆ. ಹೈಬರಿಯ ಕೊನೆಯ ವರ್ಷವಾದ 2005-06ರಲ್ಲಿ, ಕ್ಲಬ್ಬು 1913ರಲ್ಲಿ ಅಲ್ಲಿಗೆ ಬಂದಾಗಿನ ಕಡುಗೆಂಪನ್ನು ನೆನೆದು ಮಾಡಿದ ಜೆರ್ಸಿ ನಾನು ಈ ಊರಿನಲ್ಲಿ ಕೊಂಡ ಮೊದಲನೆಯದು. 2006ರ ಮೇ 7ರಂದು ವಿಗನ್ ಎದುರಿನ ಕೊನೆಯ ಪಂದ್ಯದಲ್ಲಿ ತಮ್ಮ ಮೂರನೆಯ ಗೋಲು ಹೊಡೆದು ಥಿಯೆರಿ ಆನ್ರಿ ಹುಲ್ಲಿಗೆ ಮುತ್ತಿಟ್ಟದ್ದು ಅದೇ ಜೆರ್ಸಿಯಲ್ಲಿ. ಹತ್ತು ದಿನಗಳ ಮೇಲೆ ಪ್ಯಾರಿಸ್ಸಿನಲ್ಲಿ, ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನ ಎದುರು 2-1ರಿಂದ ಸೋತಾಗ ಮೈಮೇಲೆ ಇದ್ದದ್ದು ಹಳದಿ. ಹಳದಿ ಯಾವಾಗಲೂ ಗೆಲುವನ್ನೇ ತಂದಿತು ಎಂದು ನಾವು ಯಾರೂ ಹೇಳುವುದಿಲ್ಲ.

ಕೊಳ್ಳಬಹುದೇ ಎಂದರೆ, ಕೊಳ್ಳಬಹುದು: ಒಂದು ಅಳತೆ ದೊಡ್ಡದನ್ನು, ಬೆನ್ನಿನ ಮೇಲೆ ಹೆಸರಿಲ್ಲದೆ, ಸಂಖ್ಯೆಯೊಂದನ್ನೇ ಅಚ್ಚೊತ್ತಿಸಿ. ಅಂಚೆಯ ಹಿರಿಯರು ಹಳೆಯ ಜೆರ್ಸಿಯ ಹೊಲಿಗೆ ಬಿಟ್ಟ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡಿ, ತಮ್ಮ ಮೊಮ್ಮಗಳಿಗೂ ಒಂದು ಬೇಕು ಎಂದು ಅಂದೇ ಹೇಳಿ ಕಳಿಸಿದರು. ಅವಳಿಗೆ ಈಗ ಎಂಟು ವರ್ಷ. ಚಿಕ್ಕ ಅಳತೆ, ಸಂಖ್ಯೆ 4. ದೊಡ್ಡಮ್ಮ ಹಳೆಯದನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿ, ಹೊಸ ನುಸಿಗುಳಿಗೆ ಇಟ್ಟು, ಟ್ರಂಕಿಗೆ ಸೇರಿಸಿದರು.